ದಾರ ಕಡೀಬೇಕು, ಅರಿವಿ ಹರೀಬಾರದು

ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಗೂಡ್ಸ್ ಗಾಡಿಯೊಂದು ಬಂದು ಗುದ್ದಿತು. ಬಂಪರ್ ಒಡೆದದ್ದು ಎಲ್ಲರಿಗೂ ಕಂಡಿತು. ಬಂಪರಿನ ಹಿಂದೆ ಅವಿತುಕೊಂಡಿದ್ದ ಬ್ಯಾಕ್ ಪ್ಯಾನೆಲ್ ಒಳಕ್ಕೆ ಮಡಚಿಕೊಂಡದ್ದು ಕಂಡಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ, ಗಾಡಿ ಬಿಚ್ಚಿದ ಮೇಲೆ. ಡಿಕ್ಕಿಯ ಬಾಗಿಲು ಇನ್ನು ಕೂರುವಂತಿರಲಿಲ್ಲ. ಬಡಿದು ನೇರ ಮಾಡುವ ಹಂತ ದಾಟಿದೆ, ಪ್ಯಾನೆಲ್ ತೆಗೆದು ಹೊಸದು ಕೂಡಿಸಬೇಕು ಎಂದರು ಮಿಸ್ತ್ರಿ.

ನಾನು ಬೋಲ್ಟುಗಳಿಗಾಗಿ ಕಣ್ಣಾಡಿಸಿದೆ. ಒಂದೂ ಇರಲಿಲ್ಲ. ಮಿಸ್ತ್ರಿ ಮಾರ್ಕರ್ ಪೆನ್ನು ಹಿಡಿದು ಪ್ಯಾನೆಲ್ಲಿನ ಅಂಚಿನುದ್ದಕ್ಕೂ ಚುಕ್ಕಿ ಇಡುತ್ತಾ ಹೋದರು. ರಂಗೋಲಿಗೆ ಚುಕ್ಕಿ ಹಾಕಿದಷ್ಟೇ ನಿಧಾನ. ಎಣಿಸಿದೆ, ಮೂವತ್ನಾಲ್ಕು. "ಇವಿಷ್ಟೂ ಹೊಲಿಗಿ ನೋಡ್ರಿ ಸರ," ಎಂದರು. "ಕೌದಿ ಬಿಚ್ಚೂದು ನೋಡೀರೇನು? ದಾರ ಕಡೀಬೇಕು, ಅರಿವಿ ಹರೀಬಾರದು. ಇಷ್ಟ ನಮ್ಮ ಕೆಲಸ."

ಬೆಂಗಳೂರು, ಮೈಸೂರು ಕಡೆ ಟಿಂಕರಿಂಗ್ ಎನ್ನುವ, ಹಲವು ಕಡೆ ಡೆಂಟಿಂಗ್ ಎನ್ನುವ ಈ ಕಸುಬಿನಲ್ಲಿ ಸ್ಪಾಟ್ ವೆಲ್ಡ್, ಎಂದರೆ ಈ ಚುಕ್ಕಿ ಬೆಸುಗೆಗಳನ್ನು ಬಿಡಿಸಲು ಯಾವ ಸಲಕರಣೆ ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹತ್ತು ಉತ್ತರ ಹೇಳುತ್ತಾರೆ. ಮಿಸ್ತ್ರಿಯ ಕೌದಿಯ ಮಾತನ್ನು ಕೈಯಲ್ಲಿ ಹಿಡಿದುಕೊಂಡರೆ ಆ ಹತ್ತು ಉತ್ತರಗಳೂ ತಾವಾಗಿ ಸಾಲಿಗೆ ನಿಲ್ಲುತ್ತವೆ. ಮೇಲಿನ ತಗಡು ಹೇಗಿದ್ದರೂ ಗುಜರಿಗೆ ಹೋಗುವಂಥದ್ದು. ಕೆಳಗಿನದು ಕಾರಿನಲ್ಲೇ ಉಳಿಯುವಂಥದ್ದು, ನಾಳೆ ಹೊಸ ಪ್ಯಾನೆಲ್ ಅದರ ಮೇಲೇ ಕೂರಬೇಕು. ಹಾಗಾಗಿ ಉಪಕರಣವನ್ನು ಅಳೆಯಬೇಕಾದದ್ದು ಅದು ಎಷ್ಟು ಬೇಗ ಕತ್ತರಿಸುತ್ತದೆ ಎಂಬುದರಿಂದಲ್ಲ. ಎಲ್ಲಿ ನಿಲ್ಲುತ್ತದೆ ಎಂಬುದರಿಂದ.

ಎರಡು ತಗಡಿನ ನಡುವಿನ ಗುಂಡಿ

ಬಿಚ್ಚುವ ಮುನ್ನ ಹೊಲಿದದ್ದು ಹೇಗೆಂದು ತಿಳಿಯಬೇಕು. ಕಾರ್ಖಾನೆಯಲ್ಲಿ ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು, ಮೇಲೊಂದು ಕೆಳಗೊಂದು ತಾಮ್ರದ ಎಲೆಕ್ಟ್ರೋಡುಗಳಿಂದ ಬಿಗಿಯಾಗಿ ಒತ್ತಿ ಹಿಡಿದು ವಿದ್ಯುತ್ ಹರಿಸುತ್ತಾರೆ. ವೋಲ್ಟೇಜು ಅತ್ಯಲ್ಪ, ಕರೆಂಟು ಮಾತ್ರ ಭಯಂಕರ. ನಮ್ಮ ಮನೆಯ ಎರಡು ಕಿಲೋವ್ಯಾಟಿನ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್. ಇಲ್ಲಿ ಹರಿಯುವುದು ಎಂಟು ಹತ್ತು ಸಾವಿರ ಆಂಪಿಯರ್, ಅದೂ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು. ತಗಡುಗಳು ಒಂದಕ್ಕೊಂದು ತಾಕುವ ಜಾಗದಲ್ಲೇ ವಿದ್ಯುತ್ತಿಗೆ ಅಡ್ಡಿ ಹೆಚ್ಚು. ಅಲ್ಲಿ ಉಕ್ಕು ಕರಗಿ, ಎರಡೂ ತಗಡು ಕೂಡಿದ ಒಂದು ಸಣ್ಣ ಗುಂಡಿಯಾಗಿ ಗಟ್ಟಿಯಾಗುತ್ತದೆ. ಎಲಿಹು ಥಾಮ್ಸನ್ ಅಮೆರಿಕದಲ್ಲಿ 1886ರಲ್ಲಿ ಪೇಟೆಂಟ್ ಪಡೆದ ಈ ಬೆಸುಗೆಯ ವಿದ್ಯೆಯೇ ಇಂದಿನ ಕಾರನ್ನು ಹಿಡಿದು ನಿಲ್ಲಿಸಿದೆ. ಒಂದು ಕಾರಿನ ಮೈಯಲ್ಲಿ ಇಂಥ ಹೊಲಿಗೆಗಳು ಮೂರರಿಂದ ಐದು ಸಾವಿರ.

ಬಿಚ್ಚುವವನಿಗೆ ಇದರಲ್ಲಿ ಮೂರು ಸಂಗತಿ ಮುಖ್ಯ. ಮೊದಲನೆಯದು, ಕರಗಿದ ಗುಂಡಿ ಮೇಲ್ಮೈವರೆಗೆ ಬಂದಿರುವುದಿಲ್ಲ. ನಮಗೆ ಕಾಣುವ ತಗ್ಗು ಎಲೆಕ್ಟ್ರೋಡ್ ಒತ್ತಿದ ಗುರುತು ಮಾತ್ರ. ನಿಜವಾದ ಬೆಸುಗೆ ಒಳಗಿದೆ. ಎರಡನೆಯದು ಅದರ ಅಳತೆ. ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು ಐದರಿಂದ ಗುಣಿಸಿದರೆ ಗುಂಡಿಯ ವ್ಯಾಸ ಹೆಚ್ಚುಕಡಿಮೆ ಸಿಗುತ್ತದೆ. 0.8 ಮಿಲಿಮೀಟರ್ ತಗಡಿಗೆ ನಾಲ್ಕೂವರೆ, 1 ಮಿಲಿಮೀಟರಿಗೆ 5, ಒಂದೂವರೆಗೆ 6 ಮಿಲಿಮೀಟರ್. ಮೂರನೆಯದು, ತಣ್ಣೀರು ಹರಿಯುವ ಎಲೆಕ್ಟ್ರೋಡುಗಳ ನಡುವೆ ಗಬಕ್ಕನೆ ತಣಿದದ್ದರಿಂದ ಆ ಗುಂಡಿ ಸುತ್ತಲಿನ ತಗಡಿಗಿಂತ ಗಡುಸು. ಕುಲುಮೆಯಲ್ಲಿ ಕಾಸಿದ ಕುಡುಗೋಲನ್ನು ನೀರಿಗದ್ದಿ ಹದ ಕೊಡುವ ಕಮ್ಮಾರನಿಗೆ ಇದರ ಕಾರಣ ಹೇಳಿಕೊಡಬೇಕಿಲ್ಲ.

ಸಾದಾ ಬಿಟ್ ಯಾಕೆ ಒಲ್ಲದು

ನಾನು ಕೇಳಿದ ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದು: ಮನೆಯಲ್ಲಿರುವ ಡ್ರಿಲ್ ಮಷೀನಿಗೆ 8 ಮಿಲಿಮೀಟರಿನ ಬಿಟ್ ಹಾಕಿ ತೂತು ಕೊರೆದರೆ ಮುಗಿಯಲಿಲ್ಲವೇ?

ಉತ್ತರ ಬಿಟ್ಟಿನ ಮೂತಿಯಲ್ಲಿದೆ. ಸಾದಾ ಬಿಟ್ಟಿನ ತುದಿ ಶಂಕುವಿನಂತೆ ಚೂಪು, ಅದರ ಕೋನ 118 ಡಿಗ್ರಿ. 8 ಮಿಲಿಮೀಟರಿನ ಬಿಟ್ಟಿನಲ್ಲಿ ಆ ಶಂಕುವಿನ ಎತ್ತರ ಲೆಕ್ಕ ಹಾಕಿದರೆ 2.4 ಮಿಲಿಮೀಟರ್ ಬರುತ್ತದೆ. ಎಂದರೆ ಬಿಟ್ಟಿನ ಪೂರ್ತಿ ಅಗಲ ಮೇಲಿನ ತಗಡನ್ನು ಮುಟ್ಟುವ ಹೊತ್ತಿಗೆ ಮೂತಿ 2.4 ಮಿಲಿಮೀಟರ್ ಕೆಳಗಿಳಿದಿರುತ್ತದೆ. 0.8ರ ಎರಡೂ ತಗಡು ಸೇರಿದರೂ ದಪ್ಪ 1.6 ಮಿಲಿಮೀಟರ್. ಹೀಗೆ ಮೇಲಿನದು ಬಿಡುವುದಕ್ಕಿಂತ ಮೊದಲೇ ಕೆಳಗಿನದು ತೂತು. ಮೂವತ್ನಾಲ್ಕು ಕಡೆ ಹೀಗಾದರೆ ಉಳಿಯುವುದು ತಗಡಲ್ಲ, ಜರಡಿ.

ಇದಕ್ಕೆಂದೇ ಮಾಡಿದ ಸ್ಪಾಟ್ ವೆಲ್ಡ್ ಬಿಟ್ ಬೇರೆ. ಅದರ ಮುಖ ಹೆಚ್ಚುಕಡಿಮೆ ಚಪ್ಪಟೆ, ನಡುವೆ ಒಂದು ಚಿಕ್ಕ ಮೊಳಕೆಯಂಥ ಮೂತಿ. ಆ ಮೂತಿ ಮೊದಲೇ ಪಂಚಿನಿಂದ ಹೊಡೆದಿಟ್ಟ ಗುಳಿಯಲ್ಲಿ ಕೂತು ಬಿಟ್ ಜಾರದಂತೆ ತಡೆಯುತ್ತದೆ. ಚಪ್ಪಟೆ ಅಂಚು ಮೇಲಿನ ತಗಡನ್ನು ಬಿಲ್ಲೆಯಂತೆ ಕೆತ್ತುತ್ತಾ ಇಳಿಯುತ್ತದೆ. ಕೆಳಗಿನ ತಗಡಿನಲ್ಲಿ ಮೂತಿಯ ಒಂದು ಚುಚ್ಚು ಗುರುತು ಬಿಟ್ಟರೆ ಹೆಚ್ಚಿನ ಗಾಯವಿರುವುದಿಲ್ಲ. 8 ಮಿಲಿಮೀಟರಿನದು ಹೆಚ್ಚಿನ ಕೆಲಸಕ್ಕೆ ಆಗುತ್ತದೆ: ಗುಂಡಿ 5 ಅಥವಾ 6 ಮಿಲಿಮೀಟರ್ ಇದ್ದರೆ ಸುತ್ತ ಒಂದು ಒಂದೂವರೆ ಮಿಲಿಮೀಟರ್ ಹೆಚ್ಚುವರಿ ಜಾಗ ಸಿಗುತ್ತದೆ, ಗುರಿ ಕೂದಲೆಳೆಯಷ್ಟು ತಪ್ಪಿದರೂ ನಡೆಯುತ್ತದೆ. ಅಂಚು ಕಿರಿದಾಗಿದ್ದರೆ ಆರೂವರೆ, ದಪ್ಪ ತಗಡಿಗೆ 10.

ಇನ್ನೊಂದು ಜಾತಿ ಹೋಲ್ ಸಾ ಮಾದರಿಯ ಕಟರ್. ಬಟ್ಟಲಿನಂಥ ಮೈ, ಅಂಚಿಗೆ ಹಲ್ಲು, ನಡುವೆ ಸ್ಪ್ರಿಂಗ್ ಮೇಲೆ ಕೂತ ಪಿನ್ನು. ಇದು ಬೆಸುಗೆಯ ಗುಂಡಿಯನ್ನು ಮುಟ್ಟುವುದಿಲ್ಲ. ಅದರ ಸುತ್ತ ಉಂಗುರ ಕೊರೆಯುತ್ತದೆ. ಗಡಸು ಗುಂಡಿಯನ್ನು ಬಿಟ್ಟು ಪಕ್ಕದ ಮೆತ್ತಗಿನ ತಗಡನ್ನು ಕಡಿಯುವುದೇ ಇದರ ಜಾಣತನ. ಹಲವು ಕಟರುಗಳಿಗೆ ಎರಡೂ ತುದಿಗೆ ಹಲ್ಲಿರುತ್ತದೆ, ಒಂದು ಮೊಂಡಾದರೆ ತಿರುಗಿಸಿ ಹಾಕಿಕೊಳ್ಳಬಹುದು. ಆದರೆ ಪ್ಯಾನೆಲ್ ಎದ್ದ ಮೇಲೆ ಕೆಳಗಿನ ತಗಡಿನ ಮೇಲೆ ಪ್ರತಿ ಹೊಲಿಗೆಯ ಜಾಗದಲ್ಲೂ ಒಂದೊಂದು ಬಿಲ್ಲೆ ಉಳಿಯುತ್ತದೆ. ಅವನ್ನೆಲ್ಲ ಉಜ್ಜಿ ಸಮ ಮಾಡುವುದು ಇನ್ನೊಂದು ಸುತ್ತಿನ ಕೆಲಸ. ಕೈ ಸ್ವಲ್ಪ ವಾಲಿದರೂ ಹಲ್ಲು ಪಟಕ್ಕನೆ ಮುರಿಯುತ್ತದೆ. ಅಪರೂಪಕ್ಕೊಮ್ಮೆ, ಸಾದಾ ಉಕ್ಕಿನ ತೆಳು ತಗಡಿನಲ್ಲಿ, ನೇರ ಕೈ ಸಿಗುವ ಜಾಗದಲ್ಲಿ ಕೆಲಸ ಮಾಡುವವರಿಗೆ ಕಟರ್ ಸಾಕು. ದಿನವೂ ಇದೇ ಕೆಲಸವಿದ್ದರೆ ಚಪ್ಪಟೆ ಬಿಟ್ಟೇ ಲೇಸು.

ಚಾಣ, ಗ್ರೈಂಡರ್ ಮತ್ತು ಆತುರ

ಇದನ್ನೆಲ್ಲ ನಾನು ಇಷ್ಟು ಗಮನವಿಟ್ಟು ಕೇಳಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ, ಬೇರೊಂದು ಕಾರಿಗೆ ಇದೇ ಬಗೆಯ ಕೆಲಸ ಮಾಡಿಸಿದ್ದೆ. ಅಲ್ಲಿ ಡ್ರಿಲ್ ಹಿಡಿಯುವ ಗೋಜಿಗೇ ಹೋಗಲಿಲ್ಲ. ಚಾಣ ಇಟ್ಟು ಸುತ್ತಿಗೆಯಲ್ಲಿ ಬಾರಿಸಿ ಅರ್ಧ ಗಂಟೆಯಲ್ಲಿ ಪ್ಯಾನೆಲ್ ಕಿತ್ತರು. ಬೆಸುಗೆ ಬಿಡಲಿಲ್ಲ, ಅದರ ಜೊತೆಗೆ ಕೆಳಗಿನ ತಗಡೂ ಕಿತ್ತು ಬಂತು. ಹರಿದ ಅಂಚಿನ ಮೇಲೆ ಹೊಸದನ್ನು ಕೂರಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಟ್ಟರು. ನೋಡಲು ಕನ್ನಡಿಯಂತಿತ್ತು. ಮೊದಲ ಮುಂಗಾರಿಗೆ ಸ್ಟೆಪ್ನಿಯ ಗುಂಡಿಯಲ್ಲಿ ನೀರು ನಿಂತಿತು, ಎರಡನೆಯದಕ್ಕೆ ತುಕ್ಕು ಹಿಡಿಯಿತು.

ಈ ಕಥೆ ಕೇಳಿ ಮಿಸ್ತ್ರಿ ನಕ್ಕರು. "ಚಾಣದ್ದೇನೂ ತಪ್ಪಿಲ್ರಿ. ಅದನ್ನ ಕಡೀಕ ಹಿಡೀಬೇಕು, ಮೊದಲ ಹಿಡದ್ರು."

ನಿಜ. ಬೆಸುಗೆ ಕೊರೆದು ಮುಗಿದ ಮೇಲೆ ಎರಡು ತಗಡಿನ ಸಂದಿಗೆ ತೆಳುವಾದ, ಅಗಲ ಬಾಯಿಯ ಚಾಣ ತೂರಿಸಿ ಮೆಲ್ಲಗೆ ಬಡಿದರೆ ಬಿಟ್ಟದ್ದು ಯಾವುದು, ಹಿಡಿದುಕೊಂಡಿರುವುದು ಯಾವುದು ಎಂದು ಕೈಗೇ ತಿಳಿಯುತ್ತದೆ. ಚಾಣ ಸರಾಗವಾಗಿ ಸರಿದರೆ ಸರಿ. ತಡೆದು ನಿಂತರೆ ಮತ್ತೆ ಡ್ರಿಲ್ಲಿಗೆ ಹೋಗಬೇಕು. ಕಂಪ್ರೆಸರಿನ ಗಾಳಿಯಿಂದ ಓಡುವ ಏರ್ ಚಿಸೆಲ್ ಇದೇ ಕೆಲಸವನ್ನು ಬಿರುಸಾಗಿ ಮಾಡುತ್ತದೆ. ಹೊರಗಿನ ದೊಡ್ಡ ತಗಡನ್ನು ಅಂಚು ಬಿಟ್ಟು ಮೊದಲೇ ಕತ್ತರಿಸಿ ತೆಗೆಯಲೂ ಅದು ಒದಗುತ್ತದೆ. ಹಾಗೆ ತೆಗೆದರೆ ಉಳಿದ ಪಟ್ಟಿಯ ಹೊಲಿಗೆ ಬಿಚ್ಚಲು ಕೈಯಾಡುತ್ತದೆ.

ನಮ್ಮ ಗ್ಯಾರೇಜುಗಳ ನಿಜವಾದ ಒಡೆಯ ಮಾತ್ರ ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್. ಅದು ಎಲ್ಲರ ಬಳಿ ಇದೆ, ಎಲ್ಲದಕ್ಕೂ ಬಳಕೆಯಾಗುತ್ತದೆ. ಸ್ಪಾಟಿನ ಮೇಲೆ ಗ್ರೈಂಡಿಂಗ್ ವೀಲ್ ಹಿಡಿದರೆ ಮೇಲಿನ ತಗಡು ಸವೆದು, ಒಂದು ಹಂತದಲ್ಲಿ ಬೆಸುಗೆಯ ಸುತ್ತ ತೆಳ್ಳಗಿನ ಉಂಗುರದಂಥ ಗೆರೆ ಮೂಡುತ್ತದೆ. ಎರಡು ತಗಡಿನ ನಡುವಿನ ಸಂದು ಅದು. ಅಲ್ಲಿಗೆ ನಿಲ್ಲಿಸಬೇಕು. ಆದರೆ ಅಗಲವಾದ ಚಕ್ರ ಆ ಗೆರೆಯನ್ನು ತೋರಿಸುವಷ್ಟರಲ್ಲೇ ಅಳಿಸಿಯೂ ಹಾಕುತ್ತದೆ. ಪಕ್ಕದ ಒಳ್ಳೆಯ ತಗಡೂ ತೆಳ್ಳಗಾಗಿ, ಬಿಸಿಗೆ ನೀಲಿ ತಿರುಗುತ್ತದೆ. ಇದೇ ಉಜ್ಜುವ ಕೆಲಸಕ್ಕೆ ಬೆರಳಗಲದ ಬೆಲ್ಟ್ ಸ್ಯಾಂಡರ್ ಎಷ್ಟೋ ವಾಸಿ. 10 ಮಿಲಿಮೀಟರ್ ಅಗಲದ ಮರಳುಪಟ್ಟಿ ಒಂದೊಂದೇ ಚುಕ್ಕಿಯ ಮೇಲೆ ಕೂರುತ್ತದೆ. ಚಕ್ರದ ಕಮಾನಿನ ಒಳಗೆ, ಬಾಗಿಲ ಸಂದಿಯಲ್ಲಿ, ಡ್ರಿಲ್ ನೇರವಾಗಿ ನಿಲ್ಲದ ಜಾಗಗಳಲ್ಲಿ ಇದೇ ಗತಿ. ಕಟರ್ ಬಿಟ್ಟುಹೋದ ಬಿಲ್ಲೆಗಳನ್ನು ಸಮ ಮಾಡಲೂ ಇದೇ ಬೇಕು.

ಗ್ಯಾಸ್ ಕಟಿಂಗ್ ಮಾತ್ರ ಬೇಡವೇ ಬೇಡ. ಅದರ ಬಿಸಿ ಬೆಸುಗೆಯಷ್ಟಕ್ಕೆ ನಿಲ್ಲದೆ ಸುತ್ತಲಿನ ತಗಡನ್ನು ತಿರುಚುತ್ತದೆ, ಹದ ಕೆಡಿಸುತ್ತದೆ, ತುಕ್ಕು ತಡೆಯಲು ಹಚ್ಚಿದ ಸತುವಿನ ಲೇಪವನ್ನು ಸುಟ್ಟು ಹಾಕುತ್ತದೆ.

ಕಾರಿನೊಳಗಿನ ಹಲವು ಉಕ್ಕುಗಳು

ದಪ್ಪ ತಗಡಿನ ಅಂಬಾಸಡರ್ ಕಾಲದಲ್ಲಿ ಚಾಣ, ಸುತ್ತಿಗೆ, ಗ್ಯಾಸ್ ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು. ಇಂದಿನ ಕಾರು ನೋಡಲು ಒಂದೇ ಬಣ್ಣ, ಒಳಗೆ ನಾಲ್ಕೈದು ಬಗೆಯ ಉಕ್ಕು. ಹೊರಗಿನ ಕ್ವಾರ್ಟರ್ ಪ್ಯಾನೆಲ್, ಬ್ಯಾಕ್ ಪ್ಯಾನೆಲ್‌ಗಳು ಸಾಮಾನ್ಯವಾಗಿ ಮೆತ್ತಗಿನವು. ಬಾಗಿಲುಗಳ ನಡುವಿನ ಕಂಬ, ಎಂದರೆ ಬಿ ಪಿಲ್ಲರಿನ ಒಳಪದರ ಹಲವು ಕಾರುಗಳಲ್ಲಿ ಬೋರಾನ್ ಬೆರೆತ ಉಕ್ಕು. ಅದನ್ನು 900 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಸಿ, ಅಚ್ಚಿನೊಳಗೇ ಒತ್ತಿ ತಣಿಸಿರುತ್ತಾರೆ. ಸಾದಾ ತಗಡು ಸುಮಾರು 300 ಮೆಗಾಪಾಸ್ಕಲ್ ಎಳೆತಕ್ಕೆ ಹರಿದರೆ ಇದು 1500ರವರೆಗೆ ತಡೆಯುತ್ತದೆ. ಭಾರತದಲ್ಲಿ 2017ರ ಅಕ್ಟೋಬರಿನಿಂದ ಹೊಸ ಮಾದರಿಯ ಕಾರುಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು; 2023ರ ಅಕ್ಟೋಬರಿನಲ್ಲಿ ಸುರಕ್ಷತೆಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು. ತೂಕ ಏರಿಸದೆ ಗಟ್ಟಿತನ ಏರಿಸಬೇಕಾದ ಕಂಪನಿಗಳಿಗೆ ಇಂಥ ಉಕ್ಕು ಅನಿವಾರ್ಯ.

ಬೋರಾನ್ ಉಕ್ಕಿನ ಮೇಲೆ ಹೈಸ್ಪೀಡ್ ಸ್ಟೀಲಿನ ಸಾಮಾನ್ಯ ಬಿಟ್ ಗಾಜಿನ ಮೇಲಿನ ಮೊಳೆಯಂತೆ ಜಾರುತ್ತದೆ. ಒಂದೆರಡು ಸುತ್ತಿಗೆ ಮೂತಿ ನೀಲಿಯಾಗಿ ಕೆಲಸ ಮುಗಿಯಿತು. ಹಾಗಾಗಿ ಬಿಟ್ ಕೊಳ್ಳುವಾಗ ಅಳತೆಗಿಂತ ಮೊದಲು ಕೇಳಬೇಕಾದದ್ದು ಅದು ಯಾವ ಲೋಹದ್ದು ಎಂದು. ಹೊರಗಿನ ಮೆತ್ತನೆಯ ತಗಡಿಗೂ ಮಧ್ಯಮ ಗಡಸಿನ ಉಕ್ಕಿಗೂ ಕೋಬಾಲ್ಟ್ ಬೆರೆತ ಬಿಟ್ ಒಳ್ಳೆಯದು, ಬಿಸಿಗೆ ಬೇಗ ಸೋಲುವುದಿಲ್ಲ. ಮೈಮೇಲೆ ಚಿನ್ನದ ಬಣ್ಣದ ಲೇಪವಿದೆ ಎಂದ ಮಾತ್ರಕ್ಕೆ ಒಳಗೆ ಕೋಬಾಲ್ಟ್ ಇದೆ ಎಂದಲ್ಲ. ಬೋರಾನ್ ಉಕ್ಕಿಗೆ ಬೇಕಾದದ್ದು ಅಖಂಡ ಕಾರ್ಬೈಡ್ ಬಿಟ್. ಅದರ ಗಡಸುತನದ ಜೊತೆಗೇ ಅದರ ದೌರ್ಬಲ್ಯವೂ ಬರುತ್ತದೆ: ಕೈ ನಡುಗಿದರೆ ಬಳೆಯಂತೆ ಒಡೆಯುತ್ತದೆ.

ಅದಕ್ಕೇ ಕಾರ್ಬೈಡ್ ಬಿಟ್ಟಿಗೆ ಜೊತೆಗಾರನಾಗಿ ಕ್ಲ್ಯಾಂಪ್ ಇರುವ ಸ್ಪಾಟ್ ವೆಲ್ಡ್ ಡ್ರಿಲ್ ಬಂತು. ಗಾಳಿಯಿಂದ ಓಡುವ ಈ ಡ್ರಿಲ್ಲಿಗೆ ಇಂಗ್ಲಿಷಿನ ಸಿ ಅಕ್ಷರದಂಥ ತೋಳಿರುತ್ತದೆ. ತೋಳು ತಗಡಿನ ಹಿಂಬದಿಯನ್ನು ಹಿಡಿಯುತ್ತದೆ, ಬಿಟ್ ಮುಂದಿನಿಂದ ನೆಟ್ಟಗೆ ಒತ್ತುತ್ತದೆ. ಎಷ್ಟು ಆಳ ಹೋಗಬೇಕೆಂದು ಮೊದಲೇ ತಿರುಗಿಸಿ ಇಟ್ಟರೆ ಅದಕ್ಕಿಂತ ಒಂದು ಎಳೆ ಹೆಚ್ಚಿಗೆ ಇಳಿಯುವುದಿಲ್ಲ. ನಿಲ್ಲುವುದನ್ನು ಕೈಗೆ ಬಿಡದೆ ಯಂತ್ರಕ್ಕೇ ಕಲಿಸಿದಂತೆ. ದುಬಾರಿ ಉಪಕರಣ, ಕಂಪ್ರೆಸರೂ ಬೇಕು, ತೋಳು ಹಿಂದಕ್ಕೆ ತೂರದ ಜಾಗದಲ್ಲಿ ನಿರುಪಯೋಗಿ. ತಿಂಗಳಿಗೆ ಹತ್ತಾರು ಪ್ಯಾನೆಲ್ ಬದಲಿಸುವ ದೊಡ್ಡ ಬಾಡಿ ಶಾಪಿಗೆ ಮಾತ್ರ ಅದರ ಲೆಕ್ಕ ಕೂಡಿಬರುತ್ತದೆ.

ವೇಗವೇ ಬಿಟ್ಟಿನ ಶತ್ರು

ಗೋಕುಲ ರಸ್ತೆಯ ಆ ಗ್ಯಾರೇಜಿನಲ್ಲಿ ಅಂಥ ಡ್ರಿಲ್ ಇರಲಿಲ್ಲ. ಇದ್ದದ್ದು ಸಾಮಾನ್ಯ ಡ್ರಿಲ್ ಮಷೀನು, 8 ಮಿಲಿಮೀಟರಿನ ಕೋಬಾಲ್ಟ್ ಬಿಟ್, ಒಂದು ಪಂಚು, ಒಂದು ಡಬ್ಬಿ ಎಣ್ಣೆ. ಮೊದಲು ಸಂದಿಗೆ ಹಚ್ಚಿದ್ದ ಸೀಲರ್ ಕೆರೆದು, ತಂತಿ ಬ್ರಷ್ಷಿನಿಂದ ಬಣ್ಣ ತೆಗೆದರು. ಬಣ್ಣದಡಿ ಮುಚ್ಚಿಹೋಗಿದ್ದ ತಗ್ಗುಗಳು ಸಿಡುಬಿನ ಕಲೆಯಂತೆ ಕಾಣಿಸಿದವು. ಪ್ರತಿಯೊಂದರ ನಟ್ಟನಡುವೆ ಪಂಚ್ ಇಟ್ಟು ಒಂದೇ ಪೆಟ್ಟು. ಆ ಗುಳಿ ಇಲ್ಲದಿದ್ದರೆ ಬಿಟ್ ಮೊದಲ ಸುತ್ತಿಗೇ ಊರು ಬಿಟ್ಟು ಓಡುತ್ತದೆ.

ಪಕ್ಕದಲ್ಲಿದ್ದ ಹುಡುಗ ಡ್ರಿಲ್ಲಿನ ಗುಂಡಿ ಪೂರ್ತಿ ಒತ್ತಿದಾಗ ಮಿಸ್ತ್ರಿ ಗದರಿದರು: "ಏ ತಮ್ಮಾ, ಸಾವಕಾಶ! ತಿರುಗೂದು ಕಡಿಮಿ ಇರ್ಲಿ, ಒತ್ತೂದು ಜಾಸ್ತಿ ಇರ್ಲಿ."

ಈ ಒಂದು ವಾಕ್ಯದ ಹಿಂದೆ ಲೆಕ್ಕವಿದೆ. 8 ಮಿಲಿಮೀಟರಿನ ಬಿಟ್ಟಿನ ಸುತ್ತಳತೆ ಸುಮಾರು 25 ಮಿಲಿಮೀಟರ್. ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ನಿಮಿಷಕ್ಕೆ 25 ಮೀಟರ್ ಉಜ್ಜಿದಂತಾಯಿತು. ಮೆತ್ತನೆಯ ಉಕ್ಕಿನಲ್ಲಿ ಕೋಬಾಲ್ಟ್ ಬಿಟ್ಟಿಗೆ ಅಷ್ಟು ಸಾಕು. ಗಡಸು ಉಕ್ಕಿನಲ್ಲಿ ಅರ್ಧಕ್ಕಿಳಿಸಬೇಕು. ಮನೆಬಳಕೆಯ ಎಷ್ಟೋ ಡ್ರಿಲ್ಲುಗಳು ಪೂರ್ತಿ ಒತ್ತಿದರೆ 2500ಕ್ಕೂ ಮೇಲೆ ತಿರುಗುತ್ತವೆ. ಅಷ್ಟು ವೇಗದಲ್ಲಿ ಬಿಟ್ ಕಡಿಯುವುದಿಲ್ಲ, ಬರೀ ಉಜ್ಜುತ್ತದೆ. ಉಜ್ಜಿದ ಬಿಸಿ ಅದರ ಹದವನ್ನೇ ತಿನ್ನುತ್ತದೆ. ಹೊರಬರುವ ಚೂರು ಸುರುಳಿಯಾಗಿದ್ದರೆ ಬಿಟ್ ಚೂಪಾಗಿದೆ. ಹಿಟ್ಟಿನಂತೆ ಉದುರಿದರೆ ಮೊಂಡಾಗಿದೆ, ಸಾಣೆಗೆ ಕಳಿಸಬೇಕು. ನಿಲ್ಲಿಸಬೇಕಾದ ಗಳಿಗೆಯೂ ಚೂರಿನಲ್ಲೇ ತಿಳಿಯುತ್ತದೆ: ಮೇಲಿನ ತಗಡು ಮುಗಿಯುತ್ತಿದ್ದಂತೆ ತೂತಿನ ಅಂಚಿನಲ್ಲಿ ತೆಳ್ಳಗಿನ ಉಂಗುರವೊಂದು ಸಡಿಲಾಗಿ ಬಿಟ್ಟಿನ ಜೊತೆ ತಿರುಗತೊಡಗುತ್ತದೆ. ಅದು ಕಂಡ ಕೂಡಲೇ ಮಿಸ್ತ್ರಿಯ ಕೈ ಮೇಲೇಳುತ್ತಿತ್ತು.

ಡ್ರಿಲ್ ಹಿಡಿಯುವ ಮೊದಲು ಅವರು ಮಾಡಿದ ಇನ್ನು ಕೆಲವು ಕೆಲಸಗಳೂ ಹೇಳಬೇಕಾದವೇ. ಬ್ಯಾಟರಿಯ ತಂತಿ ಕಳಚಿದರು. ಒಳಗಿನ ಮ್ಯಾಟು, ವೈರಿಂಗ್ ಸರಿಸಿ ತಗಡಿನ ಬೆನ್ನಿಗೆ ಏನಿದೆ ಎಂದು ಕೈಯಾಡಿಸಿ ನೋಡಿದರು. ಪೆಟ್ರೋಲಿನ ಪೈಪು, ಕಂಬದೊಳಗಿನ ಏರ್‌ಬ್ಯಾಗ್ ಬಿಟ್ಟಿನ ಬಾಯಿಗೆ ಸಿಗಬಾರದ ವಸ್ತುಗಳು. ಗ್ರೈಂಡರಿನ ಕಿಡಿ ತಾಗಿದರೆ ಗಾಜಿನಲ್ಲಿ ಎಂದೂ ಹೋಗದ ಚುಕ್ಕಿಗಳು ಉಳಿಯುತ್ತವೆಂದು ಹಿಂದಿನ ಗಾಜಿಗೆ ಒದ್ದೆ ಗೋಣಿ ಹೊದಿಸಿದರು. ಕಣ್ಣಿಗೆ ಕನ್ನಡಕ ಹಾಕಿದರು. ಡ್ರಿಲ್ ಹಿಡಿದಾಗ ಸಡಿಲ ಕೈಗವಸು ಮಾತ್ರ ಹಾಕಲಿಲ್ಲ. ತಿರುಗುವ ಬಿಟ್ಟಿಗೆ ಬಟ್ಟೆ ಸಿಕ್ಕರೆ ಬೆರಳೂ ಜೊತೆಗೆ ಹೋಗುತ್ತದೆ.

ಬಿಚ್ಚಿದ್ದು ಮತ್ತೆ ಹೊಲಿಯಲಿಕ್ಕೇ

ಮತ್ತೆ ಹಾಕುವ ಹೊಲಿಗೆ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಟೆಕ್ಸಾಸಿನ ಪ್ರಕರಣವೊಂದು ಸಾಕ್ಷಿ. ನಮ್ಮಲ್ಲಿ ಜಾಝ್ ಎಂದು ಮಾರಾಟವಾದ ಹೋಂಡಾ ಕಾರಿನ 2010ರ ಮಾದರಿಯೊಂದಕ್ಕೆ ರಿಪೇರಿ ಮಳಿಗೆಯೊಂದು ಹೊಸ ಛಾವಣಿ ಹಾಕಿತ್ತು. ಕಂಪನಿಯ ಸೂಚನೆಯಂತೆ ನೂರಕ್ಕೂ ಹೆಚ್ಚು ಕಡೆ ಬೆಸೆಯುವ ಬದಲು ಅಂಟಿನಿಂದ ಅಂಟಿಸಿತ್ತು. ಆಮೇಲೆ ಆ ಕಾರನ್ನು ಕೊಂಡ ದಂಪತಿ 2013ರಲ್ಲಿ ಅಪಘಾತಕ್ಕೆ ಸಿಕ್ಕಿ, ಉರಿಯುವ ಕಾರಿನೊಳಗೆ ತೀವ್ರವಾಗಿ ಗಾಯಗೊಂಡರು. 2017ರಲ್ಲಿ ನ್ಯಾಯಮಂಡಳಿ ಮಳಿಗೆಯ ಪಾಲಿನ ಹೊಣೆಯನ್ನು 3.15 ಕೋಟಿ ಡಾಲರ್ ಎಂದು ಎಣಿಸಿತು. ಡಿಕ್ಕಿಯ ಪೆಟ್ಟು ಒಂದು ತಗಡಿನಿಂದ ಇನ್ನೊಂದಕ್ಕೆ ಹರಿದು ಹಂಚಿಹೋಗುವ ದಾರಿಯೇ ಈ ಹೊಲಿಗೆಗಳು. ದಾರಿ ತುಂಡಾದರೆ ಪೆಟ್ಟು ನೇರ ಮನುಷ್ಯರ ಮೇಲೆ ಬೀಳುತ್ತದೆ.

ಹೊಸ ಪ್ಯಾನೆಲ್ಲಿನ ಅಂಚಿಗೆ 8 ಮಿಲಿಮೀಟರಿನ ತೂತು ಹೊಡೆದು, ಕೆಳಗಿನ ತಗಡಿನ ಮೇಲೆ ಕೂರಿಸಿ, ತೂತಿನೊಳಗೆ ಮಿಗ್ ವೆಲ್ಡ್ ತುಂಬುವುದು ನಮ್ಮಲ್ಲಿ ರೂಢಿ. ಪ್ಲಗ್ ವೆಲ್ಡ್ ಎನ್ನುತ್ತಾರೆ. ಅದು ಹಿಡಿಯಬೇಕಾದರೆ ಕೆಳಗೆ ಪೂರ್ತಿ ದಪ್ಪದ, ಚೊಕ್ಕ ತಗಡು ಬೇಕು. ಅಲ್ಲಿ ಮೊದಲೇ ತೂತು ಬಿದ್ದಿದ್ದರೆ ವೆಲ್ಡ್ ಅದರೊಳಗಿಂದ ಸೋರಿಹೋಗುತ್ತದೆ. ಗ್ರೈಂಡರಿನಿಂದ ತೆಳುವಾಗಿದ್ದರೆ ಸುಟ್ಟು ಹರಿಯುತ್ತದೆ. ಬೋರಾನ್ ಉಕ್ಕಿನ ಭಾಗಗಳಿಗೆ ಈ ರೂಢಿಯೂ ನಡೆಯದು. ಎಲ್ಲಿ ಬಿಡಿಸಬೇಕು, ಹೇಗೆ ಕೂಡಿಸಬೇಕು ಎಂದು ಆಯಾ ಕಾರಿನ ಕಂಪನಿ ಬರೆದಿಟ್ಟದ್ದೇ ಕೊನೆಯ ಮಾತು.

ಹಾಗಾದರೆ ಹೊಸದಾಗಿ ಈ ಕೆಲಸಕ್ಕಿಳಿಯುವ ಹುಡುಗನೊಬ್ಬ ಏನು ಕೊಳ್ಳಬೇಕು? ಮಿಸ್ತ್ರಿ ಬೆರಳು ಮಡಚುತ್ತಾ ಹೇಳಿದ ಸಾಲು ಇದು: ಒಳ್ಳೆಯ ಪಂಚು, ವೇಗ ತಗ್ಗಿಸಬಹುದಾದ ಡ್ರಿಲ್, 8 ಮಿಲಿಮೀಟರಿನ ಎರಡು ಕೋಬಾಲ್ಟ್ ಚಪ್ಪಟೆ ಬಿಟ್, ತೆಳು ಬಾಯಿಯ ಚಾಣ. ದುಡ್ಡು ಕೂಡಿದ ಮೇಲೆ ಬೆಲ್ಟ್ ಸ್ಯಾಂಡರ್. ಕಂಬಗಳ ಕೆಲಸ ಹಿಡಿಯುವಷ್ಟು ಬೆಳೆದ ಮೇಲೆ ಕಾರ್ಬೈಡ್ ಬಿಟ್ಟು, ಕ್ಲ್ಯಾಂಪ್ ಡ್ರಿಲ್ಲು. ಅಲ್ಲಿಯವರೆಗೆ ಆ ಕೆಲಸ ಹಿಡಿಯದಿರುವುದೇ ಮರ್ಯಾದೆ. ಗ್ರೈಂಡರ್ ಆ ಸಾಲಿನಲ್ಲಿರಲಿಲ್ಲ. ಕೇಳಿದ್ದಕ್ಕೆ, "ಅದು ಹ್ಯಾಂಗೂ ಇರ್ತದ್ರಿ," ಎಂದರು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಚುಕ್ಕಿಯೂ ಮುಗಿಯಿತು. ಮಿಸ್ತ್ರಿ ಚಾಣ ತೂರಿಸಿ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದರು. ಎರಡು ಕಡೆ ತಡೆಯಿತು, ಮತ್ತೆ ಕೊರೆದರು. ಆಮೇಲೆ ಪ್ಯಾನೆಲ್ ಹಪ್ಪಳದಂತೆ ಕೈಗೆ ಬಂತು. ಕೆಳಗಿನ ತಗಡಿನಲ್ಲಿ ಹೊಳೆಯುವ ದುಂಡನೆಯ ಕಲೆಗಳ ಸಾಲು. ಒಂದರಲ್ಲಿ ಮಾತ್ರ ಆಚೆಯ ಬೆಳಕು ಕಾಣುವಷ್ಟು ತೂತು. ಹುಡುಗ ಕೊರೆದದ್ದು. ಮಿಸ್ತ್ರಿ ಬೈಯಲಿಲ್ಲ, ಅದರ ಸುತ್ತ ಮಾರ್ಕರಿನಲ್ಲಿ ವೃತ್ತ ಬರೆದರು, ಮೊದಲು ಅದನ್ನೇ ತುಂಬಬೇಕು ಎಂದು.

ಕಿತ್ತ ಪ್ಯಾನೆಲ್ಲನ್ನು ಗುಜರಿಯ ರಾಶಿಗೆ ಎಸೆಯಲು ಹುಡುಗ ಎತ್ತಿಕೊಂಡ. ಮಿಸ್ತ್ರಿ ತಡೆದು, ಹೊಸ ಪ್ಯಾನೆಲ್ಲಿನ ಪಕ್ಕಕ್ಕೆ ಒರಗಿಸಿದರು. ಹಳೆಯದರ ತೂತುಗಳನ್ನು ನೋಡಿಕೊಂಡು ಹೊಸದರ ಅಂಚಿಗೆ ಮತ್ತೆ ಮಾರ್ಕರ್ ಪೆನ್ನಿನಿಂದ ಚುಕ್ಕಿ ಇಡತೊಡಗಿದರು. ನಾನು ಈ ಸಲವೂ ಎಣಿಸಿದೆ. ಮೂವತ್ನಾಲ್ಕು.